ಮೊಲದ ಯಕೃತ್ತಿನ ಮೇಲೆ ಬಿಳಿ ಚುಕ್ಕೆಗಳು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಕಾರ್ಕಳದ ಮೊಲ ಸಾಕಣೆದಾರೆ

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮ ಹಿತ್ತಿಲಿನಲ್ಲಿ ಮಾಂಸಕ್ಕಾಗಿ ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲಾ ತಳಿಯ ಮೊಲಗಳನ್ನು ಸಾಕುತ್ತಿದ್ದೇನೆ. ನನ್ನ ಮಗ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ, ಕಾಟನ್‌ಟೇಲ್ ಎಂಬ ಕಾಡುಮೊಲವನ್ನು ಆಹಾರಕ್ಕಾಗಿ ಬೇಟೆಯಾಡಲು ಕಾನೂನಿನ ಅನುಮತಿ ಇದೆ. ಈ ಅಕ್ಟೋಬರ್‌ನಲ್ಲಿ ಅವನು ತನ್ನ ಮನೆಮಾಲೀಕರ ಜೊತೆ ಹೋಗಿದ್ದನು. ಒಂದು ಮೊಲದ ಹೊಟ್ಟೆ ಸೀಳಿದಾಗ ಯಕೃತ್ತಿನ ಮೇಲೆಲ್ಲ ರವೆ ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳು ಕಂಡವಂತೆ. ಮನೆಮಾಲೀಕರು ಒಂದು ಮಾತೂ ಆಡದೆ ಆ ಮೊಲವನ್ನು ಇಡಿಯಾಗಿ ಬಿಟ್ಟುಬಿಟ್ಟರಂತೆ. ಇನ್ನೊಂದು ಮೊಲದ ಕುತ್ತಿಗೆಯ ಚರ್ಮದ ಕೆಳಗೆ ಬೆರಳಿನಷ್ಟು ದಪ್ಪದ ಕಪ್ಪು ಹುಳು ಇತ್ತು. ನೋಡಿದರೆ ಊಟ ಸೇರದಂತಹ ದೃಶ್ಯ ಅದು, ಆದರೆ ಅದನ್ನು ಮಾತ್ರ ಅವರು ಆ ಭಾಗವನ್ನು ಕೊಯ್ದು ತೆಗೆದು ಉಳಿದುದನ್ನು ಅಡುಗೆಗೆ ಇಟ್ಟುಕೊಂಡರು.

ಮಗನು ಚಿತ್ರಗಳನ್ನು ಕಳುಹಿಸಿ ಕಾರಣ ಕೇಳಿದಾಗ ನನಗೆ ನಮ್ಮ ಮನೆಯ ಮೊಲಗಳ ನೆನಪಾಯಿತು. ಮಳೆಗಾಲದಲ್ಲಿ ಕೊಯ್ದ ಕೆಲವು ಎಳೆಯ ಮೊಲಗಳ ಯಕೃತ್ತಿನಲ್ಲಿಯೂ ಬಿಳಿ ಗಂಟುಗಳನ್ನು ನಾನು ನೋಡಿದ್ದೇನೆ. ಇವೆರಡೂ ಒಂದೇ ರೋಗವೇ? ಮಗನು ಕೈಗವಸು ಹಾಕಿಕೊಳ್ಳದೆ ಆ ಮೊಲವನ್ನು ಹಿಡಿದಿದ್ದನು, ಅವನ ಬೆರಳಿನಲ್ಲಿ ಮುಳ್ಳು ತರಚಿದ ಗಾಯವೂ ಇತ್ತು. ನಮ್ಮ ವೇದಿಕೆಯಲ್ಲಿರುವ ಪಶುವೈದ್ಯರು ದಯವಿಟ್ಟು ವಿವರವಾಗಿ ತಿಳಿಸಬೇಕು.

ನಿವೃತ್ತ ಪಶುವೈದ್ಯ, ಉಡುಪಿ

ಅಮ್ಮಾ, ಮೊದಲು ನಿಮ್ಮ ಮಗನ ವಿಷಯ, ಏಕೆಂದರೆ ಅದಕ್ಕೆ ಕಾಯುವಷ್ಟು ಸಮಯವಿಲ್ಲ. ಚಿತ್ರ ನೋಡಿ ರೋಗ ನಿರ್ಣಯ ಮಾಡಲು ಯಾರಿಂದಲೂ ಆಗದು. ಆದರೆ ಉತ್ತರ ಅಮೆರಿಕದ ಕಾಡುಮೊಲದ ಯಕೃತ್ತಿನಲ್ಲಿ ಸೂಜಿಮೊನೆಯಷ್ಟು ಚಿಕ್ಕ ಬಿಳಿ ಚುಕ್ಕೆಗಳು ಚದುರಿಕೊಂಡಿದ್ದರೆ, ಅದು ಟುಲರೇಮಿಯಾ ಎಂಬ, ಮನುಷ್ಯರಿಗೂ ತಗುಲುವ ಬ್ಯಾಕ್ಟೀರಿಯಾ ರೋಗ ಅಲ್ಲವೆಂದು ಸಾಬೀತಾಗುವ ತನಕ ಟುಲರೇಮಿಯಾ ಎಂದೇ ತಿಳಿದು ನಡೆದುಕೊಳ್ಳಬೇಕು. ಅವನು ಇಂದೇ ಅಲ್ಲಿನ ವೈದ್ಯರಿಗೆ ಕರೆ ಮಾಡಿ, ಇಂತಹ ಮೊಲವನ್ನು ಗಾಯವಿದ್ದ ಬರಿಗೈಯಿಂದ ಮುಟ್ಟಿದ್ದೇನೆ ಎಂದು ಸ್ಪಷ್ಟವಾಗಿ ಹೇಳಲಿ. ಸಾಮಾನ್ಯವಾಗಿ ಸೋಂಕು ತಗುಲಿದ ಮೂರರಿಂದ ಐದು ದಿನಗಳಲ್ಲಿ ಜ್ವರ ಬರುತ್ತದೆ, ಕೆಲವೊಮ್ಮೆ ಹದಿನಾಲ್ಕು ದಿನಗಳವರೆಗೂ ತಡವಾಗಬಹುದು. ಅಷ್ಟು ದಿನ ಬೆಳಿಗ್ಗೆ ಸಂಜೆ ಮೈಯ ತಾಪಮಾನ ನೋಡಿಕೊಳ್ಳಲಿ. ಬೆರಳಿನ ಗಾಯ ಮಾಯದೆ ಹುಣ್ಣಾದರೆ, ಮೊಣಕೈ ಅಥವಾ ಕಂಕುಳಿನಲ್ಲಿ ಗಡ್ಡೆ ಎದ್ದರೆ, ಒಂದು ದಿನವೂ ತಡಮಾಡಬಾರದು.

ಈಗ ರೋಗದ ಬಗ್ಗೆ. ಫ್ರಾನ್ಸಿಸೆಲ್ಲಾ ಟುಲರೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಇದು ಬರುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಟುಲೇರ್ ಕೌಂಟಿಯ ನೆಲ ಅಳಿಲುಗಳಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಮನುಷ್ಯರಲ್ಲಿನ ರೋಗವನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ ಎಡ್ವರ್ಡ್ ಫ್ರಾನ್ಸಿಸ್ ಅವರಿಗೂ ಆ ಸಂಶೋಧನೆಯ ಕಾಲದಲ್ಲಿ ಸೋಂಕು ತಗುಲಿತ್ತು. ಬ್ಯಾಕ್ಟೀರಿಯಾದ ಹೆಸರಿನಲ್ಲಿ ಅವರ ಹೆಸರೂ ಸೇರಿಕೊಂಡಿದೆ. ಅಮೆರಿಕದಲ್ಲಿ ಕಾಡುಮೊಲದ ಮಾಂಸ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿದ್ದ 1939ರಲ್ಲಿ ಒಂದೇ ವರ್ಷ 2291 ಪ್ರಕರಣಗಳು ವರದಿಯಾಗಿದ್ದವು. ಈಗ ವರ್ಷಕ್ಕೆ ಸುಮಾರು 200ರ ಆಸುಪಾಸು. ಸಂಖ್ಯೆ ಇಳಿದಿದೆ, ಆದರೆ ನಿಮ್ಮ ಮಗನಿರುವ ಮಿಸೌರಿ ಮತ್ತು ಅದರ ನೆರೆಯ ಅರ್ಕಾನ್ಸಾ, ಓಕ್ಲಹೋಮಾ, ಕಾನ್ಸಸ್ ರಾಜ್ಯಗಳು ಇಂದಿಗೂ ಈ ರೋಗ ಹೆಚ್ಚಾಗಿ ಕಾಣಿಸುವ ಪ್ರದೇಶಗಳಾಗಿವೆ.

ಮೊಲದ ದೇಹದಲ್ಲಿ ಇದು ರಕ್ತದ ಮೂಲಕ ಹರಡುತ್ತದೆ. ರಕ್ತವನ್ನು ಸೋಸುವ ಅಂಗಗಳಾದ ಯಕೃತ್ತು, ಗುಲ್ಮ, ದುಗ್ಧಗ್ರಂಥಿಗಳಲ್ಲಿ ನೆಲೆಯೂರಿ ಅಲ್ಲಲ್ಲಿ ಅಂಗಾಂಶವನ್ನು ಕೊಲ್ಲುತ್ತದೆ. ಹಾಗೆ ಸತ್ತ ಜಾಗಗಳೇ ನಮ್ಮ ಕಣ್ಣಿಗೆ ಬಿಳಿ ಚುಕ್ಕೆಗಳಾಗಿ ಕಾಣುವುದು. ಆದ್ದರಿಂದ ಯಕೃತ್ತನ್ನು ಮಾತ್ರ ನೋಡಿದರೆ ಸಾಲದು, ಜಠರಕ್ಕೆ ಅಂಟಿಕೊಂಡಿರುವ ಗುಲ್ಮವನ್ನೂ ನೋಡಬೇಕು. ಆರೋಗ್ಯವಂತ ಮೊಲದ ಗುಲ್ಮವು ತೆಳ್ಳಗಿನ ಚಿಕ್ಕ ಪಟ್ಟಿಯಂತಿರುತ್ತದೆ. ಅದು ಊದಿಕೊಂಡು ಕಪ್ಪಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕೊಲ್ಲುವ ಮುಂಚಿನ ನಡತೆಯೂ ಮುಖ್ಯ. ಮನುಷ್ಯನನ್ನು ಕಂಡರೂ ಓಡದೆ ಕುಳಿತ, ತೂಗಾಡುತ್ತಾ ನಡೆಯುವ, ಕೈಗೆ ಸುಲಭವಾಗಿ ಸಿಕ್ಕಿಬಿಡುವ ಮೊಲವನ್ನು ಮುಟ್ಟಲೇಬಾರದು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸೋಂಕು ತಗುಲಿದ ಹೊಸತರಲ್ಲಿ ಯಕೃತ್ತು ಪೂರ್ತಿ ಶುಭ್ರವಾಗಿ ಕಾಣಬಹುದು. ಚುಕ್ಕೆ ಇದ್ದರೆ ಮೊಲವನ್ನು ಬಿಡಬೇಕೆಂಬ ನಿಯಮ ಸರಿ, ಚುಕ್ಕೆ ಇಲ್ಲದಿದ್ದರೆ ಬರಿಗೈಯಿಂದ ಮುಟ್ಟಬಹುದೆಂಬ ತೀರ್ಮಾನ ತಪ್ಪು. ಕಣ್ಣಿನ ಪರೀಕ್ಷೆ ಇರುವುದು ಮಾಂಸವನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವುದಕ್ಕೆ. ಕೈಗವಸು ಹಾಕಬೇಕೋ ಬೇಡವೋ ಎಂಬುದು ಆ ಪರೀಕ್ಷೆಯ ಮೇಲೆ ನಿಲ್ಲುವ ವಿಷಯವಲ್ಲ. ಅದನ್ನು ಪ್ರತಿ ಮೊಲಕ್ಕೂ, ಚೂರಿ ಹಿಡಿಯುವ ಮೊದಲೇ ಹಾಕಬೇಕು.

ಆ ಹುಳುವಿನ ವಿಷಯ ಮತ್ತು ನಿಮ್ಮ ಮನೆಯ ಮೊಲಗಳ ವಿಷಯವನ್ನು ರಾತ್ರಿ ಬರೆಯುತ್ತೇನೆ.

ಕುಂದಾಪುರದ ಕೃಷಿಕ

ವೈದ್ಯರಲ್ಲಿ ಗೌರವವಿಟ್ಟು ಒಂದು ಸಂದೇಹ ಕೇಳುತ್ತೇನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಗದ್ದೆಗೆ ಬಂದ ಮೊಲವನ್ನು ಹಿಡಿದು ತಿನ್ನುವುದು ಇತ್ತು. ಯಾರೂ ಕೈಗವಸು ಕಂಡವರಲ್ಲ. ಅರಶಿನ, ಉಪ್ಪು ಹಚ್ಚಿ, ಹುಳಿ ಹಿಂಡಿ, ಕಟ್ಟಿಗೆಯ ಬೆಂಕಿಯಲ್ಲಿ ಚೆನ್ನಾಗಿ ಬೇಯಿಸಿದರೆ ಯಾವ ಕ್ರಿಮಿಯೂ ಉಳಿಯದು ಎಂದು ನಾವು ನಂಬಿದ್ದೇವೆ. ಅದು ನಿಜವಾದರೆ ಇಷ್ಟೊಂದು ಭಯ ಏಕೆ? ಇನ್ನೊಂದು ಪ್ರಶ್ನೆ: ನಮ್ಮ ಗದ್ದೆಯ ಅಂಚಿನಲ್ಲಿ ಈಗಲೂ ಕಾಡುಮೊಲಗಳಿವೆ, ಅಲಸಂಡೆ ಸಸಿಗಳನ್ನು ತಿಂದು ಹಾಕುತ್ತವೆ. ಅವುಗಳಲ್ಲಿಯೂ ಈ ರೋಗವಿದೆಯೇ?

ಮಂಗಳೂರಿನ ವಕೀಲ

ಎರಡನೆಯ ಪ್ರಶ್ನೆಗೆ ವೈದ್ಯರಿಗಿಂತ ಮೊದಲು ಕಾನೂನು ಉತ್ತರಿಸಬೇಕಾಗಿದೆ. ನಮ್ಮ ನಾಡಿನ ಕಾಡುಮೊಲವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಗುಂಡು ಹೊಡೆಯುವುದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ವಿಷ ಇಡುವುದು, ಹಿಡಿಯುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಆ ಕಾಯ್ದೆಯ ವ್ಯಾಖ್ಯಾನದಲ್ಲಿ ಬೇಟೆಯೇ ಆಗಿದೆ. ಬೆಳೆ ತಿಂದಿತು ಎಂಬ ಕಾರಣಕ್ಕೆ ರೈತನು ತಾನೇ ಅದನ್ನು ಕೊಲ್ಲುವಂತಿಲ್ಲ. ಮಿಸೌರಿಯಲ್ಲಿ ಪರವಾನಗಿಯಿಂದ ಸಿಗುವ ಹಕ್ಕು ಬೈಂದೂರಿನಲ್ಲಿಯೋ ಬೆಳ್ತಂಗಡಿಯಲ್ಲಿಯೋ ಇಲ್ಲ ಎಂಬುದನ್ನು ಈ ಚರ್ಚೆಯನ್ನು ಓದುವ ಎಲ್ಲರೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಸಸಿಗಳ ರಕ್ಷಣೆಗೆ ಸಣ್ಣ ಕಣ್ಣಿನ ತಂತಿಬಲೆಯ ಬೇಲಿಯನ್ನು, ಕೆಳಭಾಗವನ್ನು ಸ್ವಲ್ಪ ಮಣ್ಣಿನಲ್ಲಿ ಹೂತು, ಹಾಕುವುದು ಪ್ರಯೋಜನಕಾರಿ.

ನಿವೃತ್ತ ಪಶುವೈದ್ಯ, ಉಡುಪಿ

ವಕೀಲರು ಹೇಳಿದ್ದಕ್ಕೆ ನನ್ನ ಸಂಪೂರ್ಣ ಸಮ್ಮತಿಯಿದೆ. ಸತ್ತ ಕಾಡುಮೊಲ ಕಂಡರೂ ಅದನ್ನು ಮನೆಗೆ ತರಬಾರದು. ಅರಣ್ಯ ಇಲಾಖೆಯವರಿಗೆ ತಿಳಿಸುವುದೇ ಸರಿಯಾದ ದಾರಿ.

ಕುಂದಾಪುರದವರ ಮೊದಲ ಪ್ರಶ್ನೆ ಬಹಳ ಮುಖ್ಯವಾದುದು. ಬೆಂಕಿ ಕ್ರಿಮಿಯನ್ನು ಕೊಲ್ಲುತ್ತದೆ ಎಂಬುದು ಸತ್ಯ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಟುಲರೇಮಿಯಾದ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ನಮ್ಮ ಸುಕ್ಕ, ಪುಳಿಮುಂಚಿಗಳಲ್ಲಿ ಮೂಳೆ ಸಹಿತ ಸಣ್ಣ ತುಂಡುಗಳನ್ನು ಮಾಂಸ ಮೂಳೆ ಬಿಡುವ ತನಕ ಬೇಯಿಸುವ ಕ್ರಮವಿದೆ, ಆ ದೃಷ್ಟಿಯಿಂದ ಅದು ಅರೆಬೆಂದ ಸುಟ್ಟ ಮಾಂಸಕ್ಕಿಂತ ಎಷ್ಟೋ ಸುರಕ್ಷಿತ. ಆದರೆ ಅಣ್ಣಾ, ಈ ರೋಗದಲ್ಲಿ ಅಪಾಯ ಇರುವುದು ಬಟ್ಟಲಿನಲ್ಲಿ ಅಲ್ಲ, ಅದಕ್ಕೂ ಮೊದಲು ಚರ್ಮ ಸುಲಿಯುವ ಹಲಗೆಯ ಮೇಲೆ. ಹತ್ತರಿಂದ ಐವತ್ತು ಬ್ಯಾಕ್ಟೀರಿಯಾಗಳು ಗಾಯದ ಮೂಲಕವೋ ಉಸಿರಿನ ಮೂಲಕವೋ ಒಳಹೊಕ್ಕರೆ ಮನುಷ್ಯನಿಗೆ ರೋಗ ಬರಲು ಸಾಕು. ರಕ್ತವಾದ ಕೈಯಿಂದ ಕಣ್ಣು ಉಜ್ಜಿಕೊಂಡರೆ ಕಣ್ಣಿನ ಮೂಲಕ ಹೋಗುತ್ತದೆ. ಅಡುಗೆ ಒಲೆಯ ಮೇಲೆ ಏರುವ ಹೊತ್ತಿಗೆ ಸುಲಿದವರ ಮೈಯಲ್ಲಿ ಸೋಂಕು ಸೇರಿ ಆಗಿರುತ್ತದೆ.

ಅರಶಿನ, ಉಪ್ಪು, ಹುಳಿ ರುಚಿಗೆ ಬೇಕು. ಈ ರೋಗಾಣುವನ್ನು ಕೊಲ್ಲಲು ಅವುಗಳನ್ನು ನಂಬಬಾರದು. ಫ್ರೀಜರನ್ನಂತೂ ನಂಬಲೇಬಾರದು. ಮೈನಸ್ 15 ಡಿಗ್ರಿಯಲ್ಲಿ ಇಟ್ಟ ಮೊಲದ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಮೂರು ವರ್ಷಕ್ಕೂ ಹೆಚ್ಚು ಕಾಲ ಜೀವಂತವಾಗಿ ಉಳಿದದ್ದು ದಾಖಲಾಗಿದೆ. ಹೆಪ್ಪುಗಟ್ಟಿದ ಮಾಂಸವನ್ನು ಕರಗಿಸಿ ಕೊಯ್ಯುವವರೂ ಕೈಗವಸು ಹಾಕಬೇಕು, ಹಲಗೆ ಮತ್ತು ಚೂರಿಯನ್ನು ಬಿಸಿನೀರು, ಸೋಪು, ಅನಂತರ ಬ್ಲೀಚಿಂಗ್ ದ್ರಾವಣದಿಂದ ತೊಳೆಯಬೇಕು.

ಉಸಿರಿನ ಮೂಲಕ ಎಂದೆನಲ್ಲ, ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2000ದ ಬೇಸಿಗೆಯಲ್ಲಿ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಹದಿನೈದು ಜನರಿಗೆ ಟುಲರೇಮಿಯಾ ಬಂದಿತು, ಅವರಲ್ಲಿ ಹನ್ನೊಂದು ಮಂದಿಗೆ ಶ್ವಾಸಕೋಶದ ರೂಪದ ರೋಗ. ಅವರು ಬೇಟೆಗಾರರಲ್ಲ. ಹುಲ್ಲು ಕತ್ತರಿಸುವುದು, ಪೊದೆ ಸವರುವುದು ಮೊದಲಾದ ತೋಟದ ಕೆಲಸದಲ್ಲಿ ಎದ್ದ ಧೂಳು ಅವರ ಶ್ವಾಸಕೋಶ ಸೇರಿತ್ತು. ಹುಲ್ಲಿನಲ್ಲಿ ಬಿದ್ದ ಮೊಲದ ಮೇಲೆ ಯಂತ್ರ ಹಾಯಿಸುವುದು ಎಷ್ಟು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಚರ್ಮದ ಕೆಳಗಿನ ಹುಳು. ಅದು ಕ್ಯೂಟರೆಬ್ರಾ ಎಂಬ ನೊಣದ ಮರಿಹುಳು, ಅಮೆರಿಕ ಖಂಡಗಳಿಗೆ ಸೇರಿದ್ದು. ಹೆಣ್ಣು ನೊಣ ಮೊಲಗಳು ಓಡಾಡುವ ದಾರಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮೂಗು, ಬಾಯಿಯ ಮೂಲಕ ಒಳಸೇರಿ ಕೊನೆಗೆ ಕುತ್ತಿಗೆ, ಎದೆಯ ಚರ್ಮದ ಕೆಳಗೆ ಬಂದು, ಉಸಿರಾಡಲು ಒಂದು ರಂಧ್ರ ಮಾಡಿಕೊಂಡು ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ನೋಡಲು ಅತ್ಯಂತ ಅಸಹ್ಯ, ಆದರೆ ಮಾಂಸದೊಳಗೆ ಹೋಗುವುದಿಲ್ಲ, ತಿಂದವರಿಗೆ ರೋಗ ತರುವುದಿಲ್ಲ. ರಂಧ್ರದ ಸುತ್ತ ಕೀವಾಗಿದ್ದರೆ ಆ ಭಾಗವನ್ನು ಧಾರಾಳವಾಗಿ ಕೊಯ್ದು ಎಸೆಯಬೇಕು. ಹಾಗಾಗಿ ಆ ಮನೆಮಾಲೀಕರು ಎರಡೂ ಮೊಲಗಳ ವಿಷಯದಲ್ಲಿ ಸರಿಯಾದ ನಿರ್ಧಾರವನ್ನೇ ತೆಗೆದುಕೊಂಡಿದ್ದಾರೆ: ಅಸಹ್ಯವಾಗಿ ಕಂಡದ್ದನ್ನು ಉಳಿಸಿಕೊಂಡರು, ಅಷ್ಟೇನೂ ಕೆಟ್ಟದಾಗಿ ಕಾಣದ ಸಣ್ಣ ಚುಕ್ಕೆಗಳಿಗೆ ಹೆದರಿದರು.

ಬಂಟ್ವಾಳದವರು, ಈಗ ವಿಕ್ಟೋರಿಯಾದಲ್ಲಿ

ನಾನು ಮೂಲತಃ ಬಂಟ್ವಾಳದವನು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕುರಿ ಸಾಕಣೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಮೊಲ ಮೂಲನಿವಾಸಿ ಪ್ರಾಣಿಯಲ್ಲ. 1859ರಲ್ಲಿ ಬೇಟೆಯ ಮೋಜಿಗಾಗಿ ಇದೇ ರಾಜ್ಯದಲ್ಲಿ ಬಿಟ್ಟ ಕೆಲವೇ ಮೊಲಗಳ ಸಂತತಿ ಖಂಡದ ಬಹುಭಾಗವನ್ನು ಆವರಿಸಿ ಹುಲ್ಲುಗಾವಲುಗಳನ್ನು ಬರಿದು ಮಾಡಿತು. ಆದ್ದರಿಂದ ಇಲ್ಲಿ ಮೊಲವನ್ನು ಬೇಟೆಯಾಡಿ ತಿನ್ನುವವರು ಬಹಳ ಜನ, ಅವರು ನೋಡುವ ರೋಗಲಕ್ಷಣಗಳು ಅಮೆರಿಕದವಕ್ಕಿಂತ ಬೇರೆ.

ಇಲ್ಲಿ ಮೊದಲು ನೋಡುವುದು ಕಣ್ಣನ್ನು. ರೆಪ್ಪೆಗಳು ಊದಿ ಮುಚ್ಚಿಕೊಂಡು, ಕೀವು ಸುರಿದು, ಮುಖ ಮತ್ತು ಜನನಾಂಗದ ಸುತ್ತ ಬಾವು ಬಂದಿದ್ದರೆ ಅದು ಮಿಕ್ಸೊಮಟೋಸಿಸ್. ಮೊಲಗಳ ಸಂಖ್ಯೆ ತಗ್ಗಿಸಲು 1950ರಲ್ಲಿ ಸರ್ಕಾರವೇ ಬಿಟ್ಟ ವೈರಸ್ ಇದು, ಸೊಳ್ಳೆ ಮತ್ತು ಚಿಗಟಗಳಿಂದ ಹರಡುತ್ತದೆ. ಅದೇ ಕಾಲದಲ್ಲಿ ಮನುಷ್ಯರ ಮಿದುಳಿನ ಉರಿಯೂತ ಕಾಣಿಸಿಕೊಂಡು ಜನರು ಈ ವೈರಸ್ಸನ್ನೇ ಶಂಕಿಸಿದಾಗ, ಫ್ರಾಂಕ್ ಫೆನ್ನರ್, ಮ್ಯಾಕ್‌ಫಾರ್ಲೇನ್ ಬರ್ನೆಟ್ ಮತ್ತು ಇಯಾನ್ ಕ್ಲೂನೀಸ್ ರಾಸ್ ಎಂಬ ಮೂವರು ವಿಜ್ಞಾನಿಗಳು ಆ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಕೊಂಡು ಅದು ಮನುಷ್ಯರಿಗೆ ತಗುಲುವುದಿಲ್ಲವೆಂದು ತೋರಿಸಿದರು. ಆ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಆದರೂ ಮನುಷ್ಯರಿಗೆ ಬಾರದ ರೋಗವೆಂದ ಮಾತ್ರಕ್ಕೆ ಬಡಕಲಾಗಿ, ಕೀವು ಸುರಿಸುತ್ತಾ ನರಳುವ ಪ್ರಾಣಿಯ ಮಾಂಸವನ್ನು ತಿನ್ನಬೇಕಾಗಿಲ್ಲ. ಇಲ್ಲಿಯ ಬೇಟೆಗಾರರು ಅದನ್ನು ಬಿಡುತ್ತಾರೆ.

ಎರಡನೆಯದು ರಕ್ತಸ್ರಾವದ ರೋಗ. 1984ರಲ್ಲಿ ಚೀನಾದಲ್ಲಿ ಮೊದಲು ಕಂಡ ಈ ವೈರಸ್ 1995ರಲ್ಲಿ ವಾರ್ಡಾಂಗ್ ದ್ವೀಪದ ಸಂಶೋಧನಾ ಆವರಣದಿಂದ ತಪ್ಪಿಸಿಕೊಂಡು ಆಸ್ಟ್ರೇಲಿಯಾದ ಮುಖ್ಯಭೂಮಿಗೆ ಹಬ್ಬಿತು. ಇದರಲ್ಲಿ ಮೊಲಗಳು ಹೊರಗೆ ಯಾವ ಲಕ್ಷಣವನ್ನೂ ತೋರದೆ ಒಂದೆರಡು ದಿನಗಳಲ್ಲಿ ಸಾಯುತ್ತವೆ. ಕೆಲವೊಮ್ಮೆ ಮೂಗಿನಲ್ಲಿ ರಕ್ತ ಕಾಣುತ್ತದೆ. ಇದೂ ಮನುಷ್ಯರಿಗೆ ಬರುವುದಿಲ್ಲ, ಆದರೆ ಬೂಟು, ಬಟ್ಟೆ, ಚೂರಿಗೆ ಅಂಟಿಕೊಂಡು ಸಾಕುಮೊಲಗಳ ಗೂಡಿಗೆ ಹೋಗುತ್ತದೆ. ಕಾರ್ಕಳದ ಅಕ್ಕನವರ ಮಗನಿಗೆ ಇದನ್ನು ತಪ್ಪದೆ ಹೇಳಬೇಕು, ಏಕೆಂದರೆ ಇದರ ಹೊಸ ರೂಪವೊಂದು 2020ರಲ್ಲಿ ಅಮೆರಿಕದ ನೈರುತ್ಯ ರಾಜ್ಯಗಳ ಕಾಡುಮೊಲಗಳಲ್ಲಿಯೂ ಹರಡಿದೆ. ಬೇಟೆಗೆ ಹಾಕಿದ ಬೂಟನ್ನು ಹಾಕಿಕೊಂಡು ಊರಿಗೆ ಬಂದು ನೇರವಾಗಿ ಅಮ್ಮನ ಮೊಲದ ಗೂಡಿಗೆ ಕಾಲಿಡುವುದು ಬೇಡ.

ಇನ್ನೊಂದು ಅಪಾಯ ರೋಗವಲ್ಲ, ವಿಷ. ಇಲ್ಲಿ ಮೊಲ ನಿಯಂತ್ರಣಕ್ಕೆ 1080 ಮತ್ತು ಪಿಂಡೋನ್ ಎಂಬ ವಿಷದ ತಿನಿಸುಗಳನ್ನು ಹಾಕುತ್ತಾರೆ. ಎಚ್ಚರಿಕೆಯ ಫಲಕವಿರುವ ಜಾಗದ ಮೊಲವನ್ನು, ಅದರ ಯಕೃತ್ತು ಎಷ್ಟೇ ಚೆನ್ನಾಗಿದ್ದರೂ, ತಿನ್ನಬಾರದು. ಅದನ್ನು ನಾಯಿಗೂ ಹಾಕಬಾರದು.

ಕಾರ್ಕಳದ ಮೊಲ ಸಾಕಣೆದಾರೆ

ಎಲ್ಲರಿಗೂ ತುಂಬಾ ಧನ್ಯವಾದಗಳು. ಮಗನು ವೈದ್ಯರಿಗೆ ಕರೆ ಮಾಡಿದನು. ಅವರು ವಿವರಗಳನ್ನು ಬರೆದುಕೊಂಡು, ದಿನಕ್ಕೆ ಎರಡು ಬಾರಿ ತಾಪಮಾನ ನೋಡಲು ಹೇಳಿದ್ದಾರೆ. ಸದ್ಯ ಜ್ವರವಿಲ್ಲ. ಬೂಟಿನ ವಿಷಯವನ್ನೂ ಹೇಳಿದ್ದೇನೆ. ಹೊಗೆಯಲ್ಲಿ ಒಣಗಿಸಿದ ಮಾಂಸವನ್ನು ಊರಿಗೆ ತರುತ್ತೇನೆ ಎನ್ನುತ್ತಿದ್ದನು, ಅದು ಸರಿಯೇ ಎಂದು ತಿಳಿಯದು. ಅಲ್ಲಿಯವರು ಇಬ್ಬನಿ ಹೆಪ್ಪುಗಟ್ಟುವಂತಹ ಮೊದಲ ಗಟ್ಟಿ ಚಳಿ ಬಿದ್ದ ಮೇಲೆ ಬೇಟೆಯಾಡಿದರೆ ಏನೂ ಆಗುವುದಿಲ್ಲ ಎಂದು ನಂಬುತ್ತಾರಂತೆ. ನಮ್ಮ ಮನೆಯ ಮೊಲಗಳ ಯಕೃತ್ತಿನ ಉತ್ತರಕ್ಕೂ ಕಾಯುತ್ತಿದ್ದೇನೆ. ನಾವು ಮೊಲದ ಕರುಳನ್ನು ನಾಯಿಗೆ ಹಾಕುತ್ತೇವೆ, ಅದು ಸರಿಯೇ?

ಪ್ರಯೋಗಾಲಯ ತಂತ್ರಜ್ಞೆ, ಮಂಗಳೂರು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮಗನು ಈ ಎರಡು ವಾರಗಳಲ್ಲಿ ಊರಿಗೆ ಬಂದು ಇಲ್ಲಿ ಜ್ವರ ಬಂದರೆ, ನಮ್ಮ ಕರಾವಳಿಯ ವೈದ್ಯರು ಮೊದಲು ಯೋಚಿಸುವುದು ಡೆಂಗಿ, ಮಲೇರಿಯಾ, ಇಲಿಜ್ವರಗಳನ್ನು, ಮಲೆನಾಡಿನ ಅಂಚಿನವರಾದರೆ ಮಂಗನ ಕಾಯಿಲೆಯನ್ನು. ಅದು ಸಹಜ. ಮೊಲದ ಮಾತನ್ನು ನೀವೇ ಹೇಳದಿದ್ದರೆ ಟುಲರೇಮಿಯಾ ಯಾರ ಮನಸ್ಸಿಗೂ ಬರುವುದಿಲ್ಲ. ಪೆನಿಸಿಲಿನ್ ಗುಂಪಿನ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳು ಇದಕ್ಕೆ ನಾಟುವುದಿಲ್ಲ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂತಹವು ಬೇಕಾಗುತ್ತವೆ, ಅವುಗಳಲ್ಲಿ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಇನ್ನೊಂದು ವಿನಂತಿ: ಈ ಅನುಮಾನವಿದ್ದರೆ ಮಾದರಿಯನ್ನು ಕಳುಹಿಸುವ ಮೊದಲೇ ಪ್ರಯೋಗಾಲಯಕ್ಕೆ ತಿಳಿಸಿರಿ. ಈ ಬ್ಯಾಕ್ಟೀರಿಯಾವನ್ನು ತಿಳಿಯದೆ ತಟ್ಟೆಯಲ್ಲಿ ಬೆಳೆಸಿ ಮೂಸಿದ ತಂತ್ರಜ್ಞರಿಗೆ ಸೋಂಕು ತಗುಲಬಲ್ಲದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಮನೆಯವರು ಅವನಿಂದ ದೂರವಿರಬೇಕಾದ ಅಗತ್ಯವಿಲ್ಲ.

ನಿವೃತ್ತ ಪಶುವೈದ್ಯ, ಉಡುಪಿ

ಮಂಗಳೂರಿನ ತಂಗಿಯವರು ಹೇಳಿದ್ದು ಅಮೂಲ್ಯವಾದ ಮಾತು.

ಹೆಪ್ಪುಗಟ್ಟಿದ ಇಬ್ಬನಿಯ ನಂಬಿಕೆಯಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ಣವಲ್ಲ. ಗಟ್ಟಿ ಚಳಿ ಬಿದ್ದಾಗ ಉಣುಗು, ಚಿಗಟಗಳ ಓಡಾಟ ಕಡಿಮೆಯಾಗುತ್ತದೆ, ಕ್ಯೂಟರೆಬ್ರಾ ಮರಿಹುಳುಗಳು ಮೊಲದ ಮೈಯಿಂದ ಉದುರಿ ಮಣ್ಣು ಸೇರಿರುತ್ತವೆ, ರೋಗಿಷ್ಠ ಮೊಲಗಳು ಬಹುಪಾಲು ಸತ್ತಿರುತ್ತವೆ. ಆದರೂ ಚಳಿಗಾಲದಲ್ಲಿ ಮೊಲ ಸುಲಿಯುವವರಿಗೆ ಟುಲರೇಮಿಯಾ ಬಂದ ಪ್ರಕರಣಗಳಿವೆ. ಗಟ್ಟಿ ಚಳಿಯಿಂದ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಮನೆಯಲ್ಲಿ ಒಣಗಿಸಿದ ಮಾಂಸ 74 ಡಿಗ್ರಿಗೆ ಏರಿರುತ್ತದೆ ಎಂಬ ಖಾತರಿಯಿಲ್ಲ, ಅನುಮತಿ ಪತ್ರವಿಲ್ಲದೆ ಮಾಂಸವನ್ನು ದೇಶದೊಳಗೆ ತರುವುದೂ ನಿಯಮಕ್ಕೆ ವಿರುದ್ಧ. ಬೇಡ.

ಈಗ ನಿಮ್ಮ ಹಿತ್ತಿಲಿನ ಮೊಲಗಳು. ನಿಮ್ಮ ವಿವರಣೆಯನ್ನು ಓದಿದರೆ ನನಗೆ ಬಲವಾಗಿ ಅನಿಸುವುದು ಯಕೃತ್ತಿನ ಕಾಕ್ಸಿಡಿಯೋಸಿಸ್. ಐಮೇರಿಯಾ ಸ್ಟೀಡೇ ಎಂಬ ಏಕಕೋಶ ಪರಾವಲಂಬಿ ಪಿತ್ತನಾಳಗಳ ಗೋಡೆಯಲ್ಲಿ ಬೆಳೆಯುವುದರಿಂದ ಅದು ಬರುತ್ತದೆ. ವ್ಯತ್ಯಾಸವನ್ನು ಹೀಗೆ ಗುರುತಿಸಿರಿ. ಟುಲರೇಮಿಯಾದ ಚುಕ್ಕೆ ಅತಿ ಸಣ್ಣದು, ಎಲ್ಲೆಡೆ ಚದುರಿರುತ್ತದೆ, ಗುಲ್ಮವೂ ಊದಿರುತ್ತದೆ. ಕಾಕ್ಸಿಡಿಯಾದ ಗಂಟು ದೊಡ್ಡದು, ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರಿನ ತನಕ ಇರುತ್ತದೆ, ಬಣ್ಣ ಹಳದಿ ಮಿಶ್ರಿತ ಬಿಳಿ, ಪಿತ್ತನಾಳದ ಜಾಡಿನಲ್ಲಿ ಸಾಲುಗಟ್ಟಿರುತ್ತದೆ, ಕೊಯ್ದರೆ ಕೆನೆಯಂತಹ ದ್ರವ ಬರುತ್ತದೆ. ಎಳೆಯ ಮರಿಗಳು ತಾಯಿಹಾಲು ಬಿಡುವ ಹೊತ್ತಿಗೆ ಹೊಟ್ಟೆ ಊದಿ, ಬೆನ್ನು ಮೂಳೆ ಎದ್ದು, ಭೇದಿಯಾಗಿ ಸೊರಗುವುದು ಇದರ ಲಕ್ಷಣ. ಈ ಪರಾವಲಂಬಿ ಮನುಷ್ಯರಿಗೆ ಬರುವುದಿಲ್ಲ. ಆದರೆ ಯೆರ್ಸಿನಿಯಾದಂತಹ ಬೇರೆ ಬ್ಯಾಕ್ಟೀರಿಯಾಗಳೂ ಬಿಳಿ ಗಂಟುಗಳನ್ನು ಮಾಡಬಲ್ಲವು, ಅವುಗಳಲ್ಲಿ ಮನುಷ್ಯರಿಗೆ ತಗುಲುವವೂ ಇವೆ. ಆದ್ದರಿಂದ ಕಣ್ಣಿನ ಅಂದಾಜನ್ನು ಅಂತಿಮವೆಂದು ತಿಳಿಯದೆ, ಅಂತಹ ಯಕೃತ್ತನ್ನು ಎಸೆಯಿರಿ, ಮೊಲ ಬಡಕಲಾಗಿದ್ದರೆ ಅದರ ಮಾಂಸವನ್ನೂ ಬಿಡಿರಿ.

ನಮ್ಮ ಕರಾವಳಿಯ ಮಳೆಗಾಲ ಈ ಪರಾವಲಂಬಿಗೆ ಹೇಳಿ ಮಾಡಿಸಿದ ಕಾಲ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಅಂಡಕೋಶಗಳು, ಅಂದರೆ ಮೊಟ್ಟೆಯಂತಹ ಸೂಕ್ಷ್ಮ ರೂಪಗಳು, ಆ ಕ್ಷಣದಲ್ಲಿ ಸೋಂಕು ತರಲಾರವು. ತೇವ ಮತ್ತು ಬೆಚ್ಚಗಿನ ಹವೆಯಲ್ಲಿ ಕೆಲವು ದಿನ ಕಳೆದ ಮೇಲೆ ಮಾತ್ರ ಬಲಿಯುತ್ತವೆ. ನಿಮ್ಮ ಕೈಯಲ್ಲಿರುವ ಅವಕಾಶ ಆ ಕೆಲವು ದಿನಗಳೇ. ಹಿಕ್ಕೆಯನ್ನು ಪ್ರತಿದಿನ ತೆಗೆದರೆ ಅವು ಬಲಿಯುವ ಮೊದಲೇ ಹೊರಗೆ ಹೋಗುತ್ತವೆ. ಗೂಡಿನ ತಳ ತಂತಿಬಲೆಯದಾಗಿರಲಿ, ಜೂನ್‌ಗೆ ಮೊದಲೇ ಮಾಡಿನ ಸೋರಿಕೆ ಸರಿಪಡಿಸಿರಿ, ಇರಿಚಲು ಹೊಡೆಯುವ ಬದಿಗೆ ತಡಿಕೆ ಕಟ್ಟಿರಿ, ಹುಲ್ಲನ್ನು ಗೂಡಿನ ನೆಲಕ್ಕೆ ಹಾಕದೆ ಎತ್ತರದ ಗೊಂತಿನಲ್ಲಿ ಇಡಿರಿ. ಸೋಂಕು ನಿವಾರಕ ದ್ರಾವಣಗಳು ಈ ಅಂಡಕೋಶಗಳನ್ನು ಅಷ್ಟಾಗಿ ಕೊಲ್ಲುವುದಿಲ್ಲ; ಕುದಿಯುವ ನೀರು ಮತ್ತು ಬಿಸಿಲು ಕೊಲ್ಲುತ್ತವೆ. ಔಷಧಗಳಿವೆ, ಆದರೆ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಔಷಧ ಕೊಟ್ಟ ಮೊಲವನ್ನು ಎಷ್ಟು ದಿನ ಕೊಯ್ಯಬಾರದು ಎಂಬುದನ್ನು ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿರಿ.

ನಾಯಿಯ ಪ್ರಶ್ನೆಗೆ ಉತ್ತರ: ಹಸಿ ಕರುಳನ್ನು ಹಾಕಲೇಬಾರದು. ಮೊಲದ ಕರುಳಿನ ಪೊರೆಯ ಮೇಲೆ ಬಟಾಣಿ ಗಾತ್ರದ, ಒಳಗೊಂದು ಬಿಳಿ ಬೊಟ್ಟಿರುವ ಪಾರದರ್ಶಕ ನೀರುಗುಳ್ಳೆಗಳನ್ನು ನೀವು ಎಂದಾದರೂ ಕಂಡಿರಬಹುದು. ಅವು ಟೀನಿಯಾ ಪಿಸಿಫಾರ್ಮಿಸ್ ಎಂಬ ಲಾಡಿಹುಳುವಿನ ಮರಿರೂಪ. ನಾಯಿ ಆ ಗುಳ್ಳೆಯನ್ನು ತಿಂದಾಗ ಅದರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ನಾಯಿಯ ಮಲದಲ್ಲಿ ಮೊಟ್ಟೆಗಳು ಹುಲ್ಲಿಗೆ ಬೀಳುತ್ತವೆ, ಆ ಹುಲ್ಲನ್ನು ತಿಂದ ಮೊಲದಲ್ಲಿ ಮತ್ತೆ ಗುಳ್ಳೆಯಾಗುತ್ತದೆ. ಈ ಗುಳ್ಳೆ ಮನುಷ್ಯರಿಗೆ ಸೋಂಕಲ್ಲ, ಅಂಗಗಳ ಜೊತೆ ತೆಗೆದುಹಾಕಿ ಮಾಂಸವನ್ನು ಬಳಸಬಹುದು. ಆದರೆ ಇದರ ಹತ್ತಿರದ ಇನ್ನೊಂದು ಜಾತಿ, ಟೀನಿಯಾ ಸೀರಿಯಾಲಿಸ್, ಮೊಲದ ಸ್ನಾಯುಗಳ ನಡುವೆ ದೊಡ್ಡ ಗುಳ್ಳೆಗಳನ್ನು ಮಾಡುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮನುಷ್ಯರ ಬಾಯಿ ಸೇರಿ ಅಪರೂಪಕ್ಕೆ ರೋಗ ತಂದದ್ದೂ ಇದೆ. ಅಂದರೆ ಗುಳ್ಳೆಯಿರುವ ಮಾಂಸಕ್ಕಿಂತ ನಾಯಿಯನ್ನು ಮುಟ್ಟಿ ತೊಳೆಯದ ಕೈ ಹೆಚ್ಚು ಅಪಾಯಕಾರಿ.

ಕುಂದಾಪುರದ ಕೃಷಿಕ

ವೈದ್ಯರೇ, ಈಗ ನನಗೆ ವಿಷಯ ಸ್ಪಷ್ಟವಾಯಿತು. ಕಾಡುಮೊಲದ ಗೊಡವೆಗೆ ನಾವು ಹೋಗುವುದಿಲ್ಲ, ಬೇಲಿಯನ್ನೇ ಗಟ್ಟಿ ಮಾಡುತ್ತೇವೆ. ನಮ್ಮ ಮಕ್ಕಳೂ ಮನೆಯಲ್ಲಿ ಎರಡು ಮೊಲ ಸಾಕಿದ್ದಾರೆ, ಅವುಗಳ ಕಿವಿಯೊಳಗೆ ಕಂದು ಬಣ್ಣದ ಹಕ್ಕಳೆ ಕಟ್ಟಿದೆ, ತಲೆ ಕೊಡವುತ್ತಿರುತ್ತವೆ. ಇದು ಮಕ್ಕಳಿಗೆ ಹರಡುವುದೇ?

ನಿವೃತ್ತ ಪಶುವೈದ್ಯ, ಉಡುಪಿ

ಅದು ಸೊರೊಪ್ಟಿಸ್ ಎಂಬ ಕಿವಿಯ ನುಸಿ ಆಗಿರುವ ಸಾಧ್ಯತೆ ಹೆಚ್ಚು, ಮನುಷ್ಯರಿಗೆ ಅದು ಬರುವುದಿಲ್ಲ. ಹಕ್ಕಳೆಯನ್ನು ಕಿತ್ತು ತೆಗೆಯಬೇಡಿರಿ, ಕೆಳಗಿನ ಚರ್ಮ ಹಸಿಯಾಗಿ ಬಹಳ ನೋಯುತ್ತದೆ. ಔಷಧ ಕೊಟ್ಟರೆ ತಾನಾಗಿ ಉದುರುತ್ತದೆ. ಮೂಗಿನ ತುದಿ ಮತ್ತು ಕಾಲ್ಬೆರಳುಗಳಲ್ಲಿ ಕೂದಲು ಉದುರಿ ಬೂದು ಹಕ್ಕಳೆ ಕಂಡರೆ ಅದು ಸಾರ್ಕೊಪ್ಟಿಸ್ ಕಜ್ಜಿ, ಅದು ಮಕ್ಕಳ ಕೈಗೆ ಸ್ವಲ್ಪ ಕಾಲದ ತುರಿಕೆಯನ್ನು ತರಬಹುದು. ಎರಡಕ್ಕೂ ತಾಲೂಕು ಪಶು ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ.

ಕಾರ್ಕಳದ ಅಮ್ಮನವರೂ ಅಲ್ಲಿಗೇ ಹೋಗಬೇಕು. ಸೊರಗಿದ ಮರಿಗಳ ಗೂಡಿನಿಂದ ಆ ದಿನ ಬೆಳಗಿನ ತಾಜಾ ಹಿಕ್ಕೆಯನ್ನು ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಫ್ರೀಜರಿನಲ್ಲಿ ಇಡಬೇಡಿರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಕೋಶಗಳಿವೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಮುಂದಿನ ಬಾರಿ ಕೊಯ್ದಾಗ ಗಂಟುಗಳಿರುವ ಯಕೃತ್ತು ಕಂಡರೆ, ಅದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಅದೇ ದಿನ ತಲುಪಿಸಿರಿ. ಉಳಿದ ಕರುಳು, ಚರ್ಮಗಳನ್ನು ನಾಯಿ ಅಗೆಯದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ನಾಯಿಗೆ ಲಾಡಿಹುಳುವಿನ ಔಷಧವನ್ನು ಅದೇ ದಿನ ಕೇಳಿ ತೆಗೆದುಕೊಳ್ಳಿರಿ, ಮತ್ತು ಬೀದಿನಾಯಿಗಳು ಮಲಗುವ ಬಯಲಿನಿಂದ ಮೊಲಕ್ಕೆ ಹುಲ್ಲು ಕೊಯ್ಯುವುದನ್ನು ನಿಲ್ಲಿಸಿರಿ.